ಸಿರಿಯವ್ವನ ಮೀನು, ದ್ಯಾವಣ್ಣನ ಪಾಚಿ

ಬಾ ಚಿನ್ನಿ, ಕಾಲು ಚಾಚು, ಕೌದಿ ಕತ್ತಿನ ತನಕ ಎಳ್ಕೋ. ಇವತ್ತು ರಾಜನ ಕತೆ ಬೇಡ, ರಾಕ್ಷಸನ ಕತೆನೂ ಬೇಡ. ಇವತ್ತು ಪಾಚಿಯ ಕತೆ. ನಗಬೇಡ, ಪಾಚಿಗೂ ಒಂದು ಕತೆ ಇದೆ.

ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಗೆ ಅವಳ ಅಜ್ಜಿ ಹೇಳೋ ಹೊತ್ತಿಗೇ ಹಳೇದಾಗಿದ್ದ ಕಾಲದಲ್ಲಿ, ಕಗ್ಗಲ್ಲೂರು ಅಂತ ಒಂದು ಊರಿತ್ತಂತೆ. ಬಯಲುಸೀಮೆಯ ಊರು, ಮೊಳ ಮಣ್ಣು ಕೆರೆದ್ರೆ ಕೆಳಗೆ ಬರೀ ಬಂಡೆ. ಆ ಬಂಡೆ ಒಡೆದು ಬಾವಿ ತೋಡೋನು ದ್ಯಾವಣ್ಣ. ವಯಸ್ಸು ಚಿಕ್ಕದು, ತೋಳು ದೊಡ್ಡದು, ಬಾಯಿ ತೋಳಿಗಿಂತ ದೊಡ್ಡದು. ಅವನು ಹಾರೆ ಊರಿದ ಕಡೆ ನೀರು ಬಂದೇ ಬರ್ತಿತ್ತಂತೆ, ಅದೇನೂ ಸುಳ್ಳಲ್ಲ. ಆದ್ರೆ ಹಾರೆ ಊರೋ ಮುಂಚೆ ಎಲೆ ಅಡಿಕೆ ಹಾಕಿಕೊಂಡು ಅದನ್ನೇ ಹೇಳ್ತಾ ಕೂರ್ತಿದ್ದನಂತೆ. ನಾನು ಕೈಯೆತ್ತಿದ್ರೆ ಬಂಡೆ ತಾನೇ ದಾರಿ ಬಿಡ್ತದೆ, ಸುತ್ತ ಏಳೂರಲ್ಲಿ ನನ್ನ ಬಾವಿ ನೀರಿಗೆ ಸಮ ಇದ್ರೆ ತಂದು ತೋರಿಸಿ, ಅಂತ. ಯಾರು ತಂದು ತೋರಿಸ್ತಾರೆ? ನೀರು ನಿಜವಾಗ್ಲೂ ಹಾಗೇ ಇತ್ತಂತೆ.

ಅವನಿಗೆ ಸಿರಿಯವ್ವ ಅಂತ ಹೊಳೆ ಕಡೆಯ ಊರಿನ ಹುಡುಗಿಯ ಜೊತೆ ಮದುವೆಯಾಯ್ತು. ಸಿರಿಯವ್ವನಿಗೆ ತಾಯಿ ಇರಲಿಲ್ಲ. ಆ ತಾಯಿ ಬದುಕಿದ್ದಾಗ ಹಿತ್ತಲ ಕಲ್ಲುಬಾನಿಯಲ್ಲಿ ಹೊನ್ನಮೀನು ಸಾಕಿದ್ದಳಂತೆ, ಯಾವುದೋ ದೂರದೇಶದ ವ್ಯಾಪಾರಿ ಅವಳಪ್ಪನಿಗೆ ಕೊಟ್ಟು ಹೋಗಿದ್ದ ಮೀನಿನ ಸಂತಾನ. ಸಾಯುವಾಗ, ಒಡವೆ ಸೊಸೆಗಿರ್ಲಿ, ಮೀನು ಮಗಳಿಗಿರ್ಲಿ ಅಂದಿದ್ದಳು. ಹಾಗಾಗಿ ಮದುಮಗಳು ಗಂಡನ ಮನೆಗೆ ಬಂದಾಗ ಮಡಿಲಲ್ಲಿ ಮಡಿಲಕ್ಕಿ, ಕಂಕುಳಲ್ಲಿ ಒಂದು ಮಣ್ಣಿನ ಕೊಡ, ಕೊಡದೊಳಗೆ ಏಳು ಹೊನ್ನಮೀನು.

ಮೀನು ಬರೋ ಸುದ್ದಿ ಕೇಳಿದ್ದ ದ್ಯಾವಣ್ಣ ಮದುವೆಗೆ ಮುಂಚೆಯೇ ಮೂರೇ ದಿನದಲ್ಲಿ ಹಿತ್ತಲಲ್ಲಿ ಕೊಳ ತೋಡಿ ಸುತ್ತ ಕಲ್ಲು ಕಟ್ಟಿಬಿಟ್ಟಿದ್ದ. ಅಷ್ಟಕ್ಕೇ ನಿಂತನಾ? ಪಕ್ಕದಲ್ಲಿ ಒಂದು ಹೊಂಗೆಮರ ಇತ್ತು, ಅದರ ಕೊಂಬೆ ಅಡ್ಡ ಬಂದು ಹಾದಿಯಲ್ಲಿ ಹೋಗೋರಿಗೆ ಕೊಳ ಕಾಣಲ್ಲ ಅಂತ ಅದನ್ನೂ ಕಡಿದು ಹಾಕಿದ್ದ. ನನ್ನ ಕೆಲಸ ನಾಲ್ಕು ಜನ ನೋಡಬೇಕು ಅಂತ.

ಹೆಣ್ಣು ಒಪ್ಪಿಸೋಕೆ ಸಿರಿಯವ್ವನ ಅಣ್ಣ ಗಿರಿಯಣ್ಣ ಬಂದಿದ್ದ. ಕಮ್ಮಿ ಮಾತಿನ ಮನುಷ್ಯ. ಕೊಳ ನೋಡಿದ, ಮೇಲೆ ಬೋಳು ಆಕಾಶ ನೋಡಿದ, ಬಿಸಿಲು ಜಾಸ್ತಿ ಆಯ್ತಲ್ವಾ ಭಾವ, ನೀರು ಕೆಡ್ತದೇನೋ ಅಂದ. ದ್ಯಾವಣ್ಣನಿಗೆ ಎಲ್ಲಿ ಕುಟುಕಿತೋ ಏನೋ. ಬೀಗರು, ನೆಂಟರು, ಪಾತ್ರೆ ತೊಳೆಯೋರು ಎಲ್ಲಾ ಕೇಳೋ ಹಾಗೆ ಹೇಳಿಬಿಟ್ಟ: ನನ್ನ ನೀರು ಕೆಡ್ತದಾ? ಗೌರಿ ಹಬ್ಬಕ್ಕೆ ತಂಗಿಗೆ ಬಾಗಿನ ತರ್ತೀಯಲ್ಲ ಭಾವ, ಆವತ್ತು ಬಂದು ಬಗ್ಗಿ ನೋಡು. ಕೊಳದ ತಳ ಕಾಣಲಿಲ್ಲ ಅಂದ್ರೆ ಮೀನೂ ನಿಂದು, ತಂಗೀನೂ ನಿಂದು, ಇಬ್ಬರನ್ನೂ ಕರ್ಕೊಂಡು ಹೋಗು, ನಾನು ಬಾಗಿಲು ತನಕ ಬಂದು ಕಳಿಸಿಕೊಡ್ತೀನಿ.

ಎಲ್ಲರೂ ನಕ್ಕರಂತೆ. ಗಿರಿಯಣ್ಣ ನಗಲಿಲ್ಲ, ಆಗಲಿ ಅಂದ. ಬಾಗಿಲ ಹಿಂದೆ ನಿಂತಿದ್ದ ಸಿರಿಯವ್ವನೂ ನಗಲಿಲ್ಲ. ಬಂದು ಒಂದು ದಿನ ಆಗಿಲ್ಲ, ಕಾಲುಂಗುರ ಇನ್ನೂ ಬೆರಳಿಗೆ ಒಗ್ಗಿಲ್ಲ, ಅಷ್ಟರಲ್ಲೇ ಗಂಡ ಅವಳನ್ನ ಪಣಕ್ಕಿಟ್ಟಾಗಿತ್ತು.

ಆಮೇಲೆ ಒಂದು ತಿಂಗಳು ಕಳೀತು ನೋಡು, ಕೊಳ ಹಸಿರಾಗೋಕೆ ಶುರುವಾಯ್ತು. ಮೊದಲು ಸೊಪ್ಪು ತೊಳೆದ ನೀರಿನ ಹಾಗೆ, ಆಮೇಲೆ ಕಲ್ಲಿನ ಮೇಲೆ ಲೋಳೆ, ಆಮೇಲೆ ಕೂದಲಿನ ಹಾಗೆ ಎಳೆ ಎಳೆ ಪಾಚಿ, ಕೊನೆಗೆ ಇಡೀ ಕೊಳವೇ ಗಂಜಿ ಹಾಗೆ ಮಂದ ಆಗಿಹೋಯ್ತಂತೆ. ಮೀನು ಬಾಯಿ ತೆರೆಯೋಕೆ ಮೇಲೆ ಬಂದಾಗ ಒಂದು ಕೆಂಪು ಮಿಂಚು, ಅಷ್ಟೇ. ಹಾದಿಯಲ್ಲಿ ಹೋಗೋರು ಬೇಲಿ ಮೇಲಿಂದ ಇಣುಕಿ, ಏನು ದ್ಯಾವಣ್ಣ, ಕೊಳದಲ್ಲಿ ಭತ್ತದ ಸಸಿ ಹಾಕಿದ್ಯಾ ಅಂತ ಕೇಳೋರು. ಮರ ಕಡಿದಿದ್ದಕ್ಕೆ ಚೆನ್ನಾಗೇ ಕಾಣ್ತಿತ್ತಲ್ಲ.

ಸರಿ, ದ್ಯಾವಣ್ಣ ಪಂಚೆ ಎತ್ತಿ ಕಟ್ಟಿದ. ನಮ್ಮವ್ವ ಕಿಲುಬು ಹಿಡಿದ ಚೊಂಬನ್ನ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ರೆ ಬಂಗಾರದ ಹಾಗೆ ಹೊಳೀತದೆ, ಕೊಳ ಏನು ಮಹಾ, ಅದೂ ಒಂದು ದೊಡ್ಡ ಚೊಂಬು ತಾನೇ ಅಂದ. ಸಿರಿಯವ್ವ ಮೆತ್ತಗೆ ಹೇಳಿದಳಂತೆ, ನೋಡಿ, ಪೂರ್ತಿ ಖಾಲಿ ಮಾಡಬೇಡಿ, ನಮ್ಮಮ್ಮ ಬಾನಿ ತೊಳೆಯುವಾಗ ಅರ್ಧ ಹಳೇ ನೀರು ಉಳಿಸೋಳು, ಮೊಸರಿಗೆ ಹೆಪ್ಪು ಉಳಿಸಿದ ಹಾಗೆ, ಅಂತ. ದ್ಯಾವಣ್ಣ ಹೊಟ್ಟೆ ಹಿಡ್ಕೊಂಡು ನಕ್ಕ. ಹಾಲಿಗೆ ಹೆಪ್ಪು ಹಾಕೋದು ಕೇಳಿದ್ದೀನಿ ಸಿರೀ, ನೀರಿಗೆ ಹೆಪ್ಪು ಹಾಕೋರನ್ನ ಇವತ್ತೇ ನೋಡಿದ್ದು ಅಂದ.

ಮೀನನ್ನ ಹಂಡೆಗೆ ಹಾಕಿದ, ಕೊಳದ ನೀರೆಲ್ಲಾ ಮೊಗೆದು ಚೆಲ್ಲಿದ, ತೆಂಗಿನ ನಾರು ತಗೊಂಡು ಒಂದೊಂದು ಕಲ್ಲನ್ನೂ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದ, ಬಾವಿಯಿಂದ ಹೊಸ ನೀರು ಸೇದಿ ತುಂಬಿಸಿ ಮೀನು ಬಿಟ್ಟ. ಫಳಫಳ ಅಂತಿತ್ತಂತೆ. ಊರೆಲ್ಲಾ ಕರೆದು ತೋರಿಸಿದ. ಮಾರನೇ ದಿನ ಒಂದು ಮೀನು ಅಂಗಾತ ತೇಲ್ತಿತ್ತು. ಎತ್ತಿ ನೋಡಿದ್ರೆ ಗಾಯ ಇಲ್ಲ, ಏನಿಲ್ಲ. ಪಾಪ, ಒಗ್ಗದ ನೀರಲ್ಲಿ ಉಸಿರು ಕಟ್ಟಿತ್ತು. ಅವನ ಬಾವಿ ನೀರು ಸಿಹಿಯೇ, ಆದ್ರೆ ಮೀನಿಗೆ ಅದು ಗುರುತಿಲ್ಲದ ಊರು. ಎಂಟು ದಿನಕ್ಕೆ ಪಾಚಿ ವಾಪಸ್ ಬಂತು, ಮೊದಲಿಗಿಂತ ಎರಡರಷ್ಟು. ತಿಕ್ಕಿ ತೊಳೆದ ಕಲ್ಲು, ಹೊಸ ನೀರು, ಮೇಲೆ ಬಿಸಿಲು, ಇನ್ನೇನು ಬೇಕು ಅದಕ್ಕೆ.

ಇದು ಒಂದನೇ ಸಲ.

ಆಮೇಲೆ ಆಷಾಢ ಬಂತು. ಹೊಸ ಸೊಸೆ ಆಷಾಢದಲ್ಲಿ ಅತ್ತೆ ಮನೆಯಲ್ಲಿ ಇರಬಾರದಲ್ಲ, ಸಿರಿಯವ್ವ ತವರಿಗೆ ಹೊರಟಳು. ಹೊರಡುವಾಗ ಕೊಳದ ಹತ್ತಿರ ಬಹಳ ಹೊತ್ತು ನಿಂತಿದ್ದು, ಆರು ಇವೆ, ನೋಡ್ಕೊಳ್ಳಿ ಅಂದಳಂತೆ ಗಂಡನಿಗೆ. ಆ ಆರು ಅನ್ನೋ ಮಾತು ದ್ಯಾವಣ್ಣನಿಗೆ ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಆಯ್ತು. ಇವಳು ವಾಪಸ್ ಬರೋದ್ರೊಳಗೆ ಕೊಳ ಗಾಜಿನ ಹಾಗೆ ಮಾಡದಿದ್ರೆ ನನ್ನ ಹೆಸರು ದ್ಯಾವಣ್ಣ ಅಲ್ಲ ಅಂತ ಸಂತೆಗೆ ಹೋದ. ಅಲ್ಲಿ ನೂಲಿಗೆ ಬಣ್ಣ ಹಾಕೋನೊಬ್ಬ, ಪಾಚಿ ತಾನೇ, ಮೈಲುತುತ್ತ ಹಾಕು, ಎರಡೇ ದಿನಕ್ಕೆ ಸತ್ತುಹೋಗ್ತದೆ ಅಂತ ನೀಲಿ ಹರಳು ಒಂದು ಹಿಡಿ ಕೊಟ್ಟ. ಎಷ್ಟು ಹಾಕಬೇಕು ಅಂತ ದ್ಯಾವಣ್ಣ ಕೇಳಲಿಲ್ಲ. ಕೇಳಿದ್ರೆ ಗೊತ್ತಿಲ್ಲ ಅಂತ ಆಗ್ತದಲ್ಲ, ಅದಕ್ಕೆ.

ಹಿಡಿಗೆ ಹಿಡೀನೂ ಹಾಕಿದ. ಬಣ್ಣದವನು ಹೇಳಿದ್ದು ನಿಜ, ಎರಡೇ ದಿನಕ್ಕೆ ಪಾಚಿ ಸತ್ತಿತು. ಸತ್ತಿದ್ದು ಎಲ್ಲಿಗೆ ಹೋಗಬೇಕು? ತಳಕ್ಕಿಳಿದು ಕೊಳೀತು. ಮೂರನೇ ದಿನ ಬೆಳಿಗ್ಗೆ ದ್ಯಾವಣ್ಣ ಹಿತ್ತಲಿಗೆ ಬಂದ್ರೆ ಕೊಳ ನಾರ್ತಿದೆ, ಎರಡು ಮೀನು ತೇಲ್ತಿವೆ, ಉಳಿದ ನಾಲ್ಕು ನೀರಿನ ಮೇಲೆ ಬಾಯಿ ಇಟ್ಟುಕೊಂಡು ಗಾಳಿಗೆ ಏದುಸಿರು ಬಿಡ್ತಿವೆ.

ಆವತ್ತು ಅವನ ತೋಳಿಗೆ ನಿಜವಾದ ಕೆಲಸ ಸಿಕ್ಕಿತಂತೆ. ನಾಲ್ಕನ್ನೂ ಎತ್ತಿ ಹಂಡೆಗೆ ಹಾಕಿ, ಬಾವಿ ನೀರು ಸೇದಿ ಸ್ವಲ್ಪ ಸ್ವಲ್ಪವೇ ಬೆರೆಸಿ, ಆ ಹಂಡೆಯ ನೀರನ್ನೇ ಚೊಂಬಲ್ಲಿ ಮೊಗೆದು ತಲೆ ಎತ್ತರದಿಂದ ಮತ್ತೆ ಅದಕ್ಕೇ ಸುರಿಯೋದು, ನೀರಿಗೆ ಗಾಳಿ ಸೇರಲಿ ಅಂತ. ಬೆಳಿಗ್ಗೆಯಿಂದ ಹೊತ್ತು ಮುಳುಗೋ ತನಕ ಮೊಗೆಯೋದು ಸುರಿಯೋದು, ಮೊಗೆಯೋದು ಸುರಿಯೋದು. ಅವರವ್ವ ಚೌಡವ್ವ ಊಟಕ್ಕೆ ಕರೆದ್ರೂ ಏಳಲಿಲ್ಲ. ನಾಲ್ಕು ಉಳಿದವು. ವಿಷದ ನೀರು ಚೆಲ್ಲಿ ಕೊಳ ತುಂಬಿಸಿ, ಹಂಡೆ ನೀರಿನ ಸಮೇತ ನಾಲ್ಕನ್ನೂ ಮತ್ತೆ ಅದಕ್ಕೇ ಬಿಟ್ಟ. ಆವತ್ತು ಯಾರನ್ನೂ ಕರೆದು ತೋರಿಸಲಿಲ್ಲ.

ಇದು ಎರಡನೇ ಸಲ.

ಶ್ರಾವಣಕ್ಕೆ ಸಿರಿಯವ್ವ ಬಂದಳು. ಗಂಟು ಇಳಿಸಿದವಳೇ ಕೊಳಕ್ಕೆ ಹೋದಳು. ನೀರು ಮತ್ತೆ ಹಸಿರು. ಅವಳು ದಡದಲ್ಲಿ ಕೂತು ಬೆರಳಿಂದ ನೀರು ತಟ್ಟಿದಳು, ಮೀನು ಮೇಲೆ ಬಂದವು. ಒಂದು, ಎರಡು, ಮೂರು, ನಾಲ್ಕು. ಇನ್ನೂ ತಟ್ಟಿದಳು. ಬರಲಿಲ್ಲ. ದ್ಯಾವಣ್ಣ ಹಿಂದೆ ನಿಂತಿದ್ದ. ಬೈತಾಳೆ ಅಂತ ಕಾದ, ಬೈದ್ರೆ ತಿರುಗಿ ಹೇಳೋಕೆ ನಾಲ್ಕು ಮಾತು ಜೋಡಿಸಿಕೊಂಡಿದ್ದ. ಅವಳು ಬೈಯಲಿಲ್ಲ. ಜೋಡಿಸಿಕೊಂಡ ಮಾತೆಲ್ಲಾ ಅವನ ಬಾಯಲ್ಲೇ ಹುಳಿಯಾಗಿ ಹೋಯ್ತಂತೆ. ಕೊನೆಗೆ ತಾನೇ ಹೇಳಿದ, ಸಿರೀ, ಬಂಡೆ ಆಗಿದ್ರೆ ಒಡೆದು ಹಾಕ್ತಿದ್ದೆ. ಇದು ಏಟಿಗೇ ಸಿಗಲ್ಲ. ಹೊಡೆದಷ್ಟೂ ಬೆಳೀತದೆ. ಏನು ಮಾಡಬೇಕು ಅಂತ ನನಗೆ ಗೊತ್ತಾಗ್ತಿಲ್ಲ.

ಗೊತ್ತಾಗ್ತಿಲ್ಲ ಅನ್ನೋ ಮಾತು ಅವನ ಬಾಯಲ್ಲಿ ಬಂದಿದ್ದು ಅದೇ ಮೊದಲು. ಸಿರಿಯವ್ವ ತಿರುಗಿ ಅವನ ಮುಖ ನೋಡಿದಳಂತೆ. ಏನೂ ಮಾಡಬೇಡಿ, ಒಂದು ದಿನ ಇಲ್ಲಿ ಸುಮ್ಮನೆ ಕೂತು ನೋಡಿ ಅಂದಳು. ನಮ್ಮಮ್ಮ ಬಾನಿ ಹತ್ತಿರ ನೋಡ್ತಾ ಕೂತಿದ್ದಷ್ಟು ಕೈ ಹಾಕಿದ್ದು ನಾನು ಕಾಣೆ.

ಸುಮ್ಮನೆ ಕೂರೋದು ಅಂದ್ರೆ ದ್ಯಾವಣ್ಣನಿಗೆ ಬಾವಿ ತೋಡೋದಕ್ಕಿಂತ ಕಷ್ಟ. ಆದ್ರೂ ಮಾರನೇ ದಿನ ಬೆಳಿಗ್ಗೆ ಕೂತ. ಮೊದಲು ಅವರವ್ವ ಚೌಡವ್ವ ಕಸ ಗುಡಿಸೋಕೆ ಬಂದಳು. ಕೊಳದ ಹತ್ತಿರ ನಿಂತು, ಊಟ ಆಯ್ತಾ ಮಕ್ಕಳಾ ಅಂದಳು. ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡಿದವು. ಅಯ್ಯೋ ಇನ್ನೂ ಇಲ್ವಂತೆ ಅಂತ ಚೌಡವ್ವ ರಾತ್ರಿ ಮುದ್ದೆ ಪಾತ್ರೆಯ ತಳಕ್ಕೆ ಹತ್ತಿದ್ದ ಸೀಕು ಒಂದು ಹಿಡಿ ಮುರಿದು ಹಾಕಿ ಹೋದಳು. ಆಮೇಲೆ ಪಕ್ಕದ ಮನೆಯವಳು ಕೆಂಡ ಕೇಳೋಕೆ ಬಂದಳು, ಊಟ ಆಯ್ತಾ ಅಂತ ಮೀನಿಗೂ ಕೇಳಿದಳು, ಸೆರಗಿನ ಪುರಿ ಹಾಕಿದಳು. ದನ ಹೊಡ್ಕೊಂಡು ಹೋಗೋನು ಬೇಲಿ ಆಚೆಯಿಂದಲೇ, ಏನ್ರಪ್ಪಾ ಊಟ ಆಯ್ತಾ ಅಂತ ರೊಟ್ಟಿ ಚೂರು ಎಸೆದ. ಕಗ್ಗಲ್ಲೂರು ಅಂದ್ರೆ ಹಾಗೇ ಮಗಾ. ಎದುರು ಸಿಕ್ಕಿದವರನ್ನ ಊಟ ಆಯ್ತಾ ಅಂತ ಕೇಳದೆ ದಾಟೋದು ಅಂದ್ರೆ ಆ ಊರಲ್ಲಿ ಮುಖಕ್ಕೆ ಉಗಿದ ಹಾಗೆ. ನಮ್ಮೂರಲ್ಲಿ ನಾಯಿಗೂ ಕೇಳ್ತೀವಿ ಕಾಗೆಗೂ ಕೇಳ್ತೀವಿ ಅಂತ ದ್ಯಾವಣ್ಣನೇ ಹೋದ ಕಡೆಯೆಲ್ಲಾ ಜಂಬ ಕೊಚ್ಚಿಕೊಳ್ಳೋನು. ಮತ್ತೆ ಮೀನಿನ ಬಾಯಿ ನೋಡು, ಅದು ಉಸಿರಾಡೋದೇ ಹಾಗೆ, ತೆರೆದು ಮುಚ್ಚಿ. ಕೇಳಿದವರಿಗೆಲ್ಲಾ ಅದು ಇಲ್ಲ ಇಲ್ಲ ಅಂದ ಹಾಗೇ ಕಾಣ್ತಿತ್ತಂತೆ.

ದ್ಯಾವಣ್ಣ ಒಬ್ಬೊಬ್ಬರಿಗೆ ಒಂದೊಂದು ಕಲ್ಲು ಅಂತ ಪಕ್ಕದಲ್ಲಿ ಇಡ್ತಾ ಹೋದ. ಮಧ್ಯಾಹ್ನ ತಾನೂ ಉಂಡು ಕೈ ತೊಳೆಯೋಕೆ ಎದ್ದ, ಎಲೆಯಲ್ಲಿ ಉಳಿದ ಅನ್ನ ಕೈಯಲ್ಲಿತ್ತು, ಏನ್ರೋ ಊಟ ಆಯ್ತಾ ಅಂತ ಕೈ ಬೀಸಿದ, ಬೀಸಿದ ಕೈ ಹಾಗೇ ಗಾಳಿಯಲ್ಲಿ ನಿಂತುಬಿಡ್ತು. ಪಕ್ಕಕ್ಕೆ ನೋಡಿದ. ಹನ್ನೆರಡು ಕಲ್ಲು ಆಗಲೇ ಕೂತಿದ್ದವು. ಹೊತ್ತು ಇಳಿಯೋ ಹೊತ್ತಿಗೆ ಹತ್ತೊಂಬತ್ತಾಯ್ತು. ನಾಲ್ಕು ಮೀನಿಗೆ ಹತ್ತೊಂಬತ್ತು ಊಟ.

ಯಾಕೆ ಚಿನ್ನಿ, ಮೀನಿಗೆ ಹಸಿವಾಗಲ್ವಾ ಅಂತೀಯಾ? ಆಗ್ತದೆ. ಅದರ ಹೊಟ್ಟೆ ಅದರ ಕಣ್ಣಿನಷ್ಟೇ. ನಿನ್ನ ಎರಡು ಬೆರಳಲ್ಲಿ ಹಿಡಿಯೋ ಚಿಟಿಕೆ ಇದೆಯಲ್ಲ, ಅಷ್ಟು ಸಾಕು ದಿನಕ್ಕೆ.

ದ್ಯಾವಣ್ಣ ಮಂಡಿಯೂರಿ, ಭುಜ ಮುಳುಗೋ ತನಕ ಕೈ ಬಿಟ್ಟು ತಳದಿಂದ ಒಂದು ಬೊಗಸೆ ಮೇಲೆ ತಂದ. ಕೊಳೆತ ಅನ್ನ, ಹುಳಿ ಮುದ್ದೆ, ಅದರ ಮೇಲೆ ಹಚ್ಚಗೆ ಪಾಚಿ. ಅದನ್ನ ಬೆರಳಿಂದ ಬಿಡಿಸಿ ಬಿಡಿಸಿ ನೋಡಿದನಂತೆ. ತಾನು ಮೂರು ತಿಂಗಳಿಂದ ಯಾವ ಪಾಚಿ ಜೊತೆ ಜಗಳ ಆಡ್ತಿದ್ದನೋ ಅದಕ್ಕೆ ದಿನಾ ಎಡೆ ಇಟ್ಟು ಸಾಕ್ತಿದ್ದೋರು ತಾವೇ. ಕೆಟ್ಟೋರು ಯಾರೂ ಇಲ್ಲ ಇದರಲ್ಲಿ. ಎಲ್ಲರೂ ಪ್ರೀತಿಯಿಂದ ಕೇಳಿದ್ದು, ಪ್ರೀತಿಯಿಂದ ಹಾಕಿದ್ದು. ಕೇಳೋದು ತಪ್ಪಲ್ಲ, ಆದ್ರೆ ಉತ್ತರ ಬರೋ ತನಕ ಒಬ್ಬರೂ ನಿಂತಿರಲಿಲ್ಲ. ಅಲ್ಲಿಗೆ ಅವನಿಗೆ ಇನ್ನೊಂದು ನೆನಪೂ ಆಯ್ತು. ಹೆಣ್ಣು ಒಪ್ಪಿಸಿದ ದಿನ ತಾನೂ ಒಬ್ಬಳನ್ನ ಕೇಳದೆ ಅವಳನ್ನೇ ಪಣಕ್ಕಿಟ್ಟಿದ್ದೆ ಅನ್ನೋದು. ಬೊಗಸೆಯಲ್ಲಿದ್ದದ್ದು ಭಾರ ಆಯ್ತಂತೆ.

ಆಮೇಲೆ ಅವ್ವನ ಹತ್ತಿರ ಹೋಗಿ, ಇನ್ನು ಮೇಲೆ ಮೀನಿಗೆ ಏನೂ ಹಾಕಬೇಡ ಅಂದ. ಚೌಡವ್ವನಿಗೆ ಉರಿದುಹೋಯ್ತು. ಸೊಸೆ ತವರಿಂದ ಬಂದಿರೋವು ಕಣೋ ಅವು, ನೆಂಟರ ಹಾಗೆ, ಅವಕ್ಕೆ ಊಟ ಆಯ್ತಾ ಅಂತ ಕೇಳದೆ ಮೂತಿ ತಿರುಗಿಸಿಕೊಂಡು ಹೋಗು ಅಂತೀಯಾ, ನನ್ನ ಜನ್ಮದಲ್ಲಿ ಆ ಕೆಲಸ ಮಾಡಿಲ್ಲ ಅಂದಳು. ದ್ಯಾವಣ್ಣ ತಲೆ ಕೆರ್ಕೊಂಡ. ಹಾಗಾದ್ರೆ ಕೇಳವ್ವ, ಕೇಳಬೇಡ ಅನ್ನಲ್ಲ. ಅವುಗಳ ಪರವಾಗಿ ಉತ್ತರ ನಾನು ಹೇಳ್ತೀನಿ ಅಂದ.

ಅಲ್ಲಿಂದ ಶುರುವಾಯ್ತು ನೋಡು. ಯಾರಾದ್ರೂ ಬಂದು ಊಟ ಆಯ್ತಾ ಅಂದ್ರೆ ಸಾಕು, ದ್ಯಾವಣ್ಣ ಕೊಳದ ಪಕ್ಕದಿಂದ, ಆಯ್ತು ಕಣಕ್ಕ, ಈಗ ತಾನೇ ಆಯ್ತು ಅನ್ನೋನು. ನಿನ್ನ ಕೇಳಲಿಲ್ಲ ಕಣೋ ಅಂತ ಅವರು. ಅವುಗಳದ್ದೇ ನಾನು ಹೇಳ್ತಿರೋದು ಅಂತ ಇವನು. ಒಂದೇ ಒಂದು ತುತ್ತು ಅಂತ ಅವರು. ಹೊಟ್ಟೆ ಬಿರೀತದೆ, ಸಾಕಂತೆ ಅಂತ ಇವನು. ಊರೋರೆಲ್ಲಾ ನಕ್ಕರು. ಬಂಡೆ ಒಡೆಯೋ ದ್ಯಾವಣ್ಣ ಮೀನಿಗೆ ಬಾಯಾಗಿ ಕೂತವ್ನೆ ಅಂತ ಆಡಿಕೊಂಡರು. ಮೊದಲಾಗಿದ್ರೆ ಹಾರೆ ಹಿಡ್ಕೊಂಡು ಎದ್ದೋನು. ಈಗ ಕೂತೇ ಇದ್ದ. ಅವನು ಕೆಲಸಕ್ಕೆ ಹೋದ ದಿನ ಸಿರಿಯವ್ವ ಆಯ್ತು ಅನ್ನೋಳು, ಅವಳಿಲ್ಲದಾಗ ಚೌಡವ್ವ ತಾನೇ ಕೇಳಿ ತಾನೇ ಆಯ್ತು ಅಂತ ಹೇಳ್ಕೊಂಡು ಹೋಗೋಳಂತೆ.

ಆಮೇಲೆ ಗಂಡ ಹೆಂಡ್ತಿ ಕೂತು ಒಂದು ಕಡ್ಡಿಗೆ ಎಳೆ ಪಾಚಿ ಸುತ್ತಿ ಸುತ್ತಿ ತೆಗೆದರು, ಕದಿರಿಗೆ ನೂಲು ಸುತ್ತಿದ ಹಾಗೆ, ತಿಕ್ಕಲಿಲ್ಲ, ಕೆರೆಯಲಿಲ್ಲ. ತೆಗೆದಿದ್ದನ್ನ ಹೀರೇ ಗಿಡದ ಬುಡಕ್ಕೆ ಹಾಕಿದರು. ಪಾಚಿ ತಿಂದ ಹೀರೇಬಳ್ಳಿ ಹುಚ್ಚು ಹಿಡಿದ ಹಾಗೆ ಹಬ್ಬಿತು, ಅದಕ್ಕೆ ಕೊಳದ ಅರ್ಧಕ್ಕೆ ಚಪ್ಪರ ಹಾಕಿದರು, ಕಡಿದ ಮರದ ನೆರಳು ಹೀಗಾದ್ರೂ ವಾಪಸ್ ಬರಲಿ ಅಂತ. ಕೆರೆಯಿಂದ ಎರಡು ನೈದಿಲೆ ಗೆಡ್ಡೆ ತಂದು ಬಿಟ್ಟರು. ದಿನಾ ಎರಡು ಕೊಡ ಹಳೇ ನೀರು ತೆಗೆಯೋದು, ಎರಡು ಕೊಡ ಹೊಸ ನೀರು ಹಾಕೋದು, ಅಷ್ಟೇ. ಎರಡೇ ಸಾಕಾ ಅಂತ ದ್ಯಾವಣ್ಣ ಕೇಳಿದ್ರೆ, ಹೆಪ್ಪು ಜಾಸ್ತಿ ಕಲಕಬಾರದು ಅಂತ ಸಿರಿಯವ್ವ. ಈ ಸಲ ಅವನು ನಗಲಿಲ್ಲ.

ಇದು ಮೂರನೇ ಸಲ.

ಗೌರಿ ಹಬ್ಬ ಬಂತು. ಗಿರಿಯಣ್ಣ ಮೊರದ ಬಾಗಿನ ತಗೊಂಡು ಬಂದ, ತಂಗಿಗೆ ಕೊಟ್ಟ, ಬೆಲ್ಲ ನೀರು ಕುಡಿದ, ನಡೀ ಭಾವ ಅಂತ ಹಿತ್ತಲಿಗೆ ಹೋದ. ಊರೋರೂ ಹಿಂದೆ ಬಂದರು, ಪಣದ ಮಾತು ಎಲ್ಲರಿಗೂ ನೆನಪಿತ್ತಲ್ಲ. ಕೊಳ ಕನ್ನಡಿಯೇನೂ ಆಗಿರಲಿಲ್ಲ. ಎಳನೀರಿಗೆ ಒಂದೆರಡು ಎಲೆ ಹಿಂಡಿದಷ್ಟು ಹಸಿರಿತ್ತು, ಕಲ್ಲಿನ ಮೇಲೆ ಹಸುಗೂಸಿನ ತಲೆಗೂದಲಿನಷ್ಟು ಪಾಚಿ ಇತ್ತು. ಆದ್ರೆ ತಳ ಕಾಣ್ತಿತ್ತು. ಚಪ್ಪರದ ನೆರಳಿಂದ ಎರಡು ಮೀನು ಆಚೆ ಬಂದು, ಮತ್ತೆ ನೈದಿಲೆ ಎಲೆಯಡಿಗೆ ಹೋದವು. ಉಳಿದವು ಎಲೆ ಕೆಳಗಿರಬೇಕು ಅಂದುಕೊಂಡ ಗಿರಿಯಣ್ಣ, ತಳ ಕಾಣ್ತದೆ ಭಾವ, ನೀನು ಗೆದ್ದೆ ಅಂದ.

ಊರೋರು ಹೋ ಅಂದರು. ದ್ಯಾವಣ್ಣನ ಬಾಯಿಗೆ ಎಷ್ಟು ಮಾತು ಬಂದಿರಬೇಡ ಹೇಳು. ಸುಮ್ಮನಿದ್ರೂ ಸಾಕಿತ್ತು, ಗೆದ್ದ ಹಾಗೇ. ಅವನು ಕೊಳ ನೋಡಿದ, ಹೆಂಡತಿಯನ್ನ ನೋಡಿದ. ಆಮೇಲೆ, ಏಳು ಇಲ್ಲ ಭಾವ, ನಾಲ್ಕೇ ಇವೆ ಅಂದ. ಮೂರನ್ನ ನಾನೇ ಕೊಂದೆ, ಒಂದನ್ನ ತಿಕ್ಕಿ ತೊಳೆದು, ಎರಡನ್ನ ಔಷಧಿ ಹಾಕಿ. ಈಗ ಉಳಿದಿರೋದು ನಿನ್ನ ತಂಗಿ ಬುದ್ಧಿಯಿಂದ. ಇನ್ನೊಂದು ಮಾತು. ಅವಳನ್ನ ಪಣಕ್ಕಿಡೋಕೆ ಅವಳು ನನ್ನ ಹಾರೆಯಲ್ಲ, ಗುದ್ದಲಿಯಲ್ಲ. ನಾನು ಗೆದ್ದಿದ್ದೂ ಲೆಕ್ಕಕ್ಕಿಲ್ಲ, ನೀನು ಸೋತಿದ್ದೂ ಲೆಕ್ಕಕ್ಕಿಲ್ಲ. ಇರೋದು, ಹೋಗೋದು ಅವಳು ಹೇಳಿದ ಹಾಗೆ.

ಗಿರಿಯಣ್ಣ ತಂಗಿ ಕಡೆ ತಿರುಗಿ, ನಿನಗೆ ಇದೆಲ್ಲಾ ಗೊತ್ತಿತ್ತೇನವ್ವಾ ಅಂದ. ಗೊತ್ತಿತ್ತು ಅಣ್ಣಯ್ಯ, ಅವರೇ ಹೇಳ್ತಾರಾ ನೋಡೋಣ ಅಂತಿದ್ದೆ ಅಂದಳು ಸಿರಿಯವ್ವ. ಮತ್ತೆ ಏನು ಮಾಡ್ತೀಯಾ, ಬರ್ತೀಯಾ ಅಂದ ಅಣ್ಣ.

ಸಿರಿಯವ್ವ ಕೊಳದ ಮೂಲೆಗೆ ಹೋಗಿ ಕೂತು, ಕಲ್ಲಿನ ಮೇಲಿನ ಪಾಚಿಯನ್ನ ಒಂದು ಬೆರಳಿಂದ ಸರಿಸಿದಳು, ಮಗುವಿನ ಬೈತಲೆ ತೆಗೆದ ಹಾಗೆ. ಒಳಗಿಂದ ಸಣ್ಣ ಸಣ್ಣ ಕಪ್ಪು ಕಡ್ಡಿ ಚೂರಿನಂಥವು ಚಿಲ್ಲನೆ ಚದುರಿದವು. ಬರೀ ಕಣ್ಣು, ಬರೀ ಬಾಲ. ಇದೇನಿದು ಗೊದಮೊಟ್ಟೆಯಾ ಅಂದ ದ್ಯಾವಣ್ಣ. ಅಲ್ಲ, ಮೀನಿನ ಮರಿ ಅಂದಳು ಅವಳು. ಹುಟ್ಟುವಾಗ ಕಪ್ಪಗೇ ಇರ್ತವೆ, ಬಂಗಾರ ಆಮೇಲೆ ಬರ್ತದೆ. ಪಾಚಿಯೊಳಗೆ ಅಡಗಿಕೊಂಡೇ ದೊಡ್ಡೋವಾಗೋದು. ಪೂರ್ತಿ ತೆಗೆದಿದ್ರೆ ದೊಡ್ಡ ಮೀನೇ ಇವನ್ನ ತಿಂದುಬಿಡ್ತಿದ್ದವು.

ಆಮೇಲೆ ಎದ್ದು ಸೆರಗಿಗೆ ಕೈ ಒರೆಸಿಕೊಂಡು ಅಣ್ಣನಿಗೆ ಹೇಳಿದಳಂತೆ, ಅಣ್ಣಯ್ಯ, ಇವು ಕಪ್ಪಗಿರುವಾಗ ಬಿಟ್ಟು ಬರೋಕಾಗಲ್ಲ. ಇವಕ್ಕೆಲ್ಲಾ ಬಂಗಾರ ಬರ್ಲಿ, ಆಗ ಹೇಳ್ತೀನಿ ಇರ್ತೀನೋ ಬರ್ತೀನೋ ಅಂತ. ಗಿರಿಯಣ್ಣ ಆಗಲಿ ಅಂದ, ಹೋಳಿಗೆ ಉಂಡು ಊರಿಗೆ ಹೋದ.

ಮಾರನೇ ವರ್ಷ ಗೌರಿ ಹಬ್ಬಕ್ಕೆ ಆ ಮರಿಗೆಲ್ಲಾ ಬಂಗಾರ ಬಂದಿತ್ತು. ಸಿರೀ, ಈಗ ಹೇಳ್ತೀಯಾ ಅಂತ ಕೇಳಿದ ದ್ಯಾವಣ್ಣ. ಅವಳು ಮೂಲೆಯ ಪಾಚಿ ಸರಿಸಿ ತೋರಿಸಿದಳು, ಅಲ್ಲಿ ಆ ವರ್ಷದ ಕಪ್ಪು ಮರಿ. ಅದರ ಮಾರನೇ ವರ್ಷವೂ ಕೇಳಿದ, ಮತ್ತೆ ಕಪ್ಪು ಮರಿ. ಅವರಿಗೆ ಮಕ್ಕಳಾದರು, ಸೊಸೆಯಂದಿರು ಬಂದರು, ಇಬ್ಬರ ತಲೆಯೂ ಬೆಳ್ಳಗಾಯ್ತು, ಪ್ರತಿ ಗೌರಿ ಹಬ್ಬಕ್ಕೂ ಅವನು ಮರೀದೆ ಕೇಳೋನು, ಅವಳು ಇನ್ನೂ ಎಲ್ಲಕ್ಕೂ ಬಂಗಾರ ಬಂದಿಲ್ಲ ಅನ್ನೋಳು. ಹಾಗೇ ಕೇಳ್ತಾ ಅವನು, ಹೇಳದೆ ಅವಳು, ಆ ಹಿತ್ತಲಲ್ಲಿ ನೂರು ಕಾಲ ಬಾಳಿದರಂತೆ.

ಕತೆ ಅಲ್ಲಿಗಾಯ್ತು, ನಿದ್ದೆ ಇಲ್ಲಿಂದ.